ಟವೆಲ್ ಹುಡುಕದೆ ಬಾಗಿಲು ತೆಗೆಯೋಣ: ಮನೆಯಲ್ಲಿರುವ ಅಮ್ಮಂದಿರ ದಿನದ ಬಟ್ಟೆಗೆ ಒಂದು ಮಾರ್ಗದರ್ಶಿ

"ಮನೇಲಿ ನೈಟಿ ಬಿಟ್ಟು ಬೇರೆ ಏನು ಹಾಕೋದು?" ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಅಮ್ಮಂದಿರು ಕೇಳುತ್ತಲೇ ಇರುವ ಪ್ರಶ್ನೆ ಇದು. ಒಬ್ಬರಿಗೆ ಸೆಕೆಯ ಚಿಂತೆ. ಒಬ್ಬರ ಮನೆಯಲ್ಲಿ ಮಾವನವರು ಇದ್ದಾರೆ, ನೈಟಿಯಲ್ಲಿ ಓಡಾಡೋಕೆ ಮುಜುಗರ. ಇನ್ನೊಬ್ಬರು ಬಾಣಂತಿ, ಎರಡು ಗಂಟೆಗೊಮ್ಮೆ ಕೂಸಿಗೆ ಹಾಲು ಕುಡಿಸಬೇಕು. ಆದರೆ ಎಲ್ಲರ ಮನೆಯಲ್ಲೂ ನಡೆಯುವ ಒಂದು ಸಂಗತಿ ಇದೆ. ಸಿಲಿಂಡರ್ ಬರುತ್ತದೆ, ಬಾಗಿಲು ಬಡಿಯುತ್ತಾರೆ. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು, ನೈಟಿ ಮೇಲೆ ಹೊದೆಯೋಕೆ ಟವೆಲೋ ವೇಲೋ ಹುಡುಕುತ್ತಾರೆ.

ಹಾಗಾಗಿ ಈ ಲೇಖನದ ಅಳತೆಗೋಲು ಒಂದೇ. ಟವೆಲ್ ಹುಡುಕದೆ ಬಾಗಿಲು ತೆಗೆಯುವಂತಿರಬೇಕು. ಅದೇ ಬಟ್ಟೆಯಲ್ಲಿ ನೆಲಕ್ಕೆ ಕೂತು ಹತ್ತು ಜೋಳದ ರೊಟ್ಟಿ ಬಡಿಯುವಂತೆಯೂ ಇರಬೇಕು. ಇವೆರಡೂ ಆಗುವ ಬಟ್ಟೆಯನ್ನು ನಮ್ಮೂರಲ್ಲೇ ಕೊಂಡು, ನಮ್ಮ ಓಣಿಯ ಟೇಲರ್ ಹತ್ತಿರವೇ ಹೊಲಿಸಬಹುದು. ದುಬಾರಿ ಆಗಬೇಕಿಲ್ಲ. ಯಾವ ಬಟ್ಟೆ, ಯಾವ ಅಳತೆ ಅನ್ನೋದು ಗೊತ್ತಿದ್ದರೆ ಸಾಕು.

ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದ್ದು

ಒಂದು ಅಳತೆ ಟೇಪು. ನಿಮಗೆ ತುಂಬ ಹಿತವಾಗಿ ಕೂರುವ ಒಂದು ಹಳೇ ಬಟ್ಟೆ, ಅದು ಕುರ್ತಾ ಆಗಿರಲಿ, ನೈಟಿ ಆಗಿರಲಿ. ಬರೆದುಕೊಳ್ಳೋಕೆ ಒಂದು ಹಾಳೆ. ನಿಲುವುಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನಲ್ಲಿ ನಿಮ್ಮ ಫೋಟೋ ತೆಗೆಯೋಕೆ ಮಗಳಿಗೋ ಅಕ್ಕನಿಗೋ ಹೇಳಿ.

ಹಂತ 1: ಒಂದು ದಿನ ಸುಮ್ನೆ ಗಮನಿಸಿ

ಅಂಗಡಿಗೆ ಹೋಗೋ ಮೊದಲು ಒಂದು ದಿನ ನಿಮ್ಮ ಕೆಲಸಗಳನ್ನು ಬರೆದುಕೊಳ್ಳಿ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ, ಒಲೆ ಮುಂದೆ ಎರಡು ತಾಸು, ಗೇಟಿನವರೆಗೆ ಹೋಗಿ ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸೋದು, ನಲ್ಲಿ ನೀರು ಬಂದಾಗ ಕೊಡ ತುಂಬೋದು, ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗೋದು, ಸಂಜೆ ಮಂಡಾಳು, ಮಿರ್ಚಿ ಹೊತ್ತಿಗೆ ಯಾರಾದರೂ ಬರೋದು. ಪ್ರತಿ ಕೆಲಸದ ಎದುರು ಮೈ ಏನು ಮಾಡುತ್ತದೆ ಅಂತ ಬರೆಯಿರಿ: ಬಗ್ಗುತ್ತೇನೆ, ಕುಕ್ಕರಗಾಲಲ್ಲಿ ಕೂರುತ್ತೇನೆ, ಕೈ ಮೇಲೆತ್ತುತ್ತೇನೆ, ಒದ್ದೆಯಾಗುತ್ತೇನೆ.

ಈ ಪಟ್ಟಿ ನೋಡಿದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ತಾನಾಗಿಯೇ ತಿಳಿಯುತ್ತದೆ. ಜಾಸ್ತಿ ಬಗ್ಗುವವರಿಗೆ ಕತ್ತಿನ ಆಳ ಮುಖ್ಯ. ನೀರಿನ ಕೆಲಸ ಜಾಸ್ತಿ ಇರುವವರಿಗೆ ಕೆಳಗಿನ ಅಂಚು ಮುಖ್ಯ.

ಇವತ್ತಿನಿಂದಲೇ ಮಾಡಬಹುದಾದ ಒಂದು ಬದಲಾವಣೆ ಇದೆ, ಅದಕ್ಕೆ ದುಡ್ಡೂ ಬೇಡ. ರಾತ್ರಿಯ ಬಟ್ಟೆ ಬೇರೆ, ಹಗಲಿನ ಬಟ್ಟೆ ಬೇರೆ ಮಾಡಿ. ಮಲಗಿದ್ದ ನೈಟಿ ಬೆಳಿಗ್ಗೆ ಸ್ನಾನದವರೆಗೆ ಮಾತ್ರ. ಸ್ನಾನ ಆದ ಮೇಲೆ ಹಗಲಿನ ಬಟ್ಟೆ. ಎಷ್ಟೇ ಒಳ್ಳೆಯ ನೈಟಿ ಇದ್ದರೂ ಮಲಗಿ ಎದ್ದ ಸುಕ್ಕಿನಲ್ಲಿ ಅದು ಹಗಲಿನ ಬಟ್ಟೆ ಆಗುವುದಿಲ್ಲ.

ಹಂತ 2: ಬೀರು ಖಾಲಿ ಮಾಡಿ

ಎಲ್ಲವನ್ನೂ ಹಾಸಿಗೆ ಮೇಲೆ ಸುರಿಯಿರಿ. ಹಾಕಿದ ತಕ್ಷಣ ಹಾಯ್ ಅನ್ನಿಸುವಂಥವು ಒಂದು ಕಡೆ. ಸಣ್ಣ ರಿಪೇರಿ ಬೇಕಾದವು ಇನ್ನೊಂದು ಕಡೆ. ಉಳಿದದ್ದು ಒರೆಸೋ ಬಟ್ಟೆಗೆ ಅಥವಾ ಬೇರೆಯವರಿಗೆ.

ನಾವೆಲ್ಲ ಮಾಡುವ ತಪ್ಪೊಂದಿದೆ. ಹಬ್ಬಕ್ಕೆ ತಂದ ಚೂಡಿದಾರ್ ಹಳೆಯದಾಯಿತು ಅಂತ ಮನೆಗೆ ಹಾಕುತ್ತೇವೆ. ಅದರ ಬಟ್ಟೆ ಗಾಳಿ ಆಡುವಂಥದ್ದಲ್ಲ, ಅಳತೆ ಬಿಗಿ, ಕತ್ತಿನ ಹತ್ತಿರದ ಜರಿ ಚುಚ್ಚುತ್ತದೆ. ಅದು ಎರಡು ತಾಸು ಮದುವೆ ಮಂಟಪದಲ್ಲಿ ಕೂರೋಕೆ ಹೊಲಿದ ಬಟ್ಟೆ. ಹನ್ನೆರಡು ತಾಸು ಮನೆಗೆಲಸಕ್ಕೆ ಅಲ್ಲ. ದಿನದ ಹೆಚ್ಚು ಹೊತ್ತು ಮೈಮೇಲೆ ಇರುವ ಬಟ್ಟೆಗೇ ಒಳ್ಳೆಯ ಹತ್ತಿ ಸಿಗಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಹಳೇ ಕಾಟನ್ ಸೀರೆಗಳನ್ನು ಮಾತ್ರ ಎಸೆಯಬೇಡಿ. ಅವು ಮುಂದೆ ಬೇಕು.

ಹಂತ 3: ಬಟ್ಟೆ ಆರಿಸೋದು

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಡುಗೆಮನೆ ಒಳಗೆ ಇನ್ನೂ ಜಾಸ್ತಿ. ಬೆವರನ್ನು ಹೀರಿ, ಗಾಳಿಗೆ ಆರಲು ಬಿಡುವ ಬಟ್ಟೆ ಬೇಕು. ರಾಯಚೂರಿನ ಮಾರುಕಟ್ಟೆಗೆ ಗಾಡಿಗಟ್ಟಲೆ ಹತ್ತಿ ಬರುತ್ತದೆ. ಅದೇ ನೆಲದಲ್ಲಿ ನಾವು ಪಾಲಿಯೆಸ್ಟರ್ ನೈಟಿ ಹಾಕಿಕೊಂಡು ಬೆವರುಸಾಲೆ ಕೆರೆದುಕೊಳ್ಳುತ್ತೇವೆ. ನೋಡಿದರೆ ಬೇಜಾರಾಗುತ್ತದೆ.

ಅಂಗಡಿಯಲ್ಲಿ ಕಿವಿಗೆ ಬೀಳುವ ಹೆಸರುಗಳು ಇವು:

*ಮಲ್ ಕಾಟನ್.* ತೆಳು, ತುಂಬ ಮೆತ್ತಗೆ. ಬೇಸಿಗೆಗೆ ಇದಕ್ಕಿಂತ ಹಿತ ಇನ್ನೊಂದಿಲ್ಲ. ಆದರೆ ಬೆಳಕಿಗೆ ಒಳಗಿನದು ಕಾಣುತ್ತದೆ. ಎದೆಯ ಭಾಗಕ್ಕಾದರೂ ಲೈನಿಂಗ್ ಬೇಕು. ಲೈನಿಂಗ್ ಅಂದರೆ ಒಳಗಡೆ ಕೊಡುವ ಇನ್ನೊಂದು ಪದರ. ಅದೂ ಕಾಟನ್ ಇರಲಿ. ಮೇಲೆ ಕಾಟನ್, ಒಳಗೆ ಪಾಲಿಯೆಸ್ಟರ್ ಲೈನಿಂಗ್ ಕೊಟ್ಟರೆ ಮಾಡಿದ ಖರ್ಚೆಲ್ಲ ದಂಡ.

*ಕ್ಯಾಂಬ್ರಿಕ್.* ಒತ್ತಾಗಿ ನೇಯ್ದ, ನುಣುಪಾದ ಕಾಟನ್. ಹಗಲಿನ ಕುರ್ತಾಕ್ಕೆ ನನ್ನ ಮೊದಲ ಆಯ್ಕೆ. ನಡು ಬಣ್ಣಗಳಲ್ಲಿ ಲೈನಿಂಗ್ ಇಲ್ಲದೆಯೂ ನಡೆಯುತ್ತದೆ.

*ಪಾಪ್ಲಿನ್.* ಸ್ವಲ್ಪ ಗಟ್ಟಿ. ಪ್ಯಾಂಟಿಗೆ, ಲಂಗಕ್ಕೆ ಸರಿ.

*ಕೈಮಗ್ಗದ ಹತ್ತಿ, ಖಾದಿ.* ಮೊದಲು ಒರಟು ಅನ್ನಿಸುತ್ತದೆ, ನಾಲ್ಕೈದು ಸಲ ಒಗೆದರೆ ಮೆತ್ತಗಾಗುತ್ತದೆ. ಗಾಳಿ ಚೆನ್ನಾಗಿ ಆಡುತ್ತದೆ.

*ರೇಯಾನ್.* ಮರದ ತಿರುಳಿನಿಂದ ಮಾಡುವ ನೂಲು. ತಣ್ಣಗಿರುತ್ತದೆ, ಚೆನ್ನಾಗಿ ಇಳಿಬೀಳುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಒದ್ದೆಯಾದಾಗ ಇದರ ನೂಲು ಸೋಲುತ್ತದೆ. ಕಲ್ಲಿಗೆ ಬಡಿದು ಒಗೆದರೆ ಬೇಗ ಹರಿಯುತ್ತದೆ. ಕುಗ್ಗುವುದೂ ಕಾಟನ್‌ಗಿಂತ ಜಾಸ್ತಿ. ಬೆವತಾಗ ಮೈಗೆ ಅಂಟುತ್ತದೆ.

*ಹೊಸಿಯರಿ.* ಬನಿಯನ್ ಬಟ್ಟೆ. ಎಳೆದರೆ ಹಿಗ್ಗುತ್ತದೆ. ರಾತ್ರಿಗೆ ಒಳ್ಳೆಯದು. ಹಗಲಿನ ಪ್ಯಾಂಟಿಗೆ ಬೇಡ. ನೆಲಕ್ಕೆ ಕೂತು ಎದ್ದರೆ ಮಂಡಿ ಹತ್ತಿರ ಚೀಲ ಕಟ್ಟಿದಂತೆ ಉಬ್ಬುತ್ತದೆ.

*ಕ್ರೇಪ್, ಜಾರ್ಜೆಟ್, ಸ್ಯಾಟಿನ್.* ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಪಾಲಿಯೆಸ್ಟರ್. ಮನೆಗೆ ಬೇಡ, ಒಲೆ ಮುಂದೆ ಅಂತೂ ಬೇಡವೇ ಬೇಡ.

ಇನ್ನೊಂದು ಎಚ್ಚರಿಕೆ. "ಕಾಟನ್ ಫೀಲ್", "ಕಾಟನ್ ಟಚ್", "ಕಾಟನ್ ಮಿಕ್ಸ್" ಅಂದರೆ ಶುದ್ಧ ಕಾಟನ್ ಅಂತ ಅರ್ಥ ಅಲ್ಲ. "ಪಿಸಿ" ಅಂದರೆ ಪಾಲಿಯೆಸ್ಟರ್ ಮತ್ತು ಕಾಟನ್ ಬೆರೆಸಿದ್ದು. ನೇರವಾಗಿ "ನೂರಕ್ಕೆ ನೂರು ಕಾಟನ್ ಐತೇನ್ರಿ?" ಅಂತ ಕೇಳಿ. ಆಮೇಲೆ ನೀವೇ ಪರೀಕ್ಷಿಸಿ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳು: ಬಟ್ಟೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಂಡಿ ಬಿಡಿ. ಒಂದೂ ಸುಕ್ಕು ಬೀಳದಿದ್ದರೆ ಪಾಲಿಯೆಸ್ಟರ್ ಇದೆ ಅಂತ ಅನುಮಾನಪಡಿ. ಎರಡು ಬೆರಳ ನಡುವೆ ಜೋರಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ಗಂಜಿ ತುಂಬಿ ದಪ್ಪ ಕಾಣಿಸುವಂತೆ ಮಾಡಿದ್ದಾರೆ, ಒಗೆದ ಮೇಲೆ ಬಟ್ಟೆ ತೆಳ್ಳಗಾಗುತ್ತದೆ. ಬೆಳಕಿಗೆ ಹಿಡಿದು ಹಿಂದೆ ಅಂಗೈ ಇಡಿ. ಬೆರಳುಗಳನ್ನು ಎಣಿಸಲು ಬಂದರೆ ಲೈನಿಂಗ್ ಬೇಕೇ ಬೇಕು. ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಬಟ್ಟೆಗೆ ಉಜ್ಜಿ. ಬಣ್ಣ ಹತ್ತಿದರೆ ಒಗೆಯುವಾಗಲೂ ಬಿಡುತ್ತದೆ.

ಮನೆಗೆ ತಂದ ಮೇಲೂ ಅನುಮಾನ ಇದ್ದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನೀರಿನ ಪಕ್ಕ ಸುಟ್ಟು ನೋಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಮುದುಡಿ, ಕರಗಿ, ಗಟ್ಟಿ ಮಣಿಯಂತಾಗುತ್ತದೆ. ರೇಯಾನ್ ಕೂಡ ಕಾಟನ್ ಹಾಗೇ ಸುಡುತ್ತದೆ. ಅದನ್ನು ಪತ್ತೆ ಮಾಡೋಕೆ ಎಳೆಯನ್ನು ಒದ್ದೆ ಮಾಡಿ ಎಳೆಯಿರಿ. ಪಟ್ಟನೆ ತುಂಡಾದರೆ ರೇಯಾನ್.

ಬಳ್ಳಾರಿಯವರಿಗೆ ಬೆಂಗಳೂರು ರಸ್ತೆ, ರಾಯಚೂರಿನವರಿಗೆ ತೀನ್ ಕಂದೀಲ್ ಸುತ್ತಮುತ್ತ, ಕೊಪ್ಪಳದವರಿಗೆ ಜವಾಹರ ರಸ್ತೆ. ಕಟ್‌ಪೀಸ್ ಮತ್ತು ಥಾನಿನ ಬಟ್ಟೆ ಇಲ್ಲೆಲ್ಲ ಸಿಗುತ್ತದೆ. ಬೆಳಿಗ್ಗೆ ಹೊತ್ತಲ್ಲಿ ಹೋಗಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಥಾನನ್ನು ಬಾಗಿಲ ಹತ್ತಿರ ತರಿಸಿ ನೋಡಿ.

ಎಷ್ಟು ಬೇಕು? 44 ಇಂಚು ಅಗಲದ ಬಟ್ಟೆಯಾದರೆ ಮೊಣಕೈವರೆಗಿನ ತೋಳಿನ, 40–42 ಇಂಚು ಉದ್ದದ ಕುರ್ತಾಕ್ಕೆ ಎರಡೂವರೆ ಮೀಟರ್. ಪ್ಯಾಂಟಿಗೆ ಎರಡರಿಂದ ಎರಡೂಕಾಲು. ಪೂರ್ತಿ ಉದ್ದದ ನೈಟಿಗೆ ಮೂರು, ಮೂರೂವರೆ ಮೀಟರ್. ಮೈ ತುಂಬಿದವರು ಕಾಲು, ಅರ್ಧ ಮೀಟರ್ ಜಾಸ್ತಿ ತನ್ನಿ.

ಹಂತ 4: ಬಣ್ಣ

ಇಲ್ಲಿ ಜಾಸ್ತಿ ಯೋಚಿಸಬೇಕಿಲ್ಲ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಧೂಳು, ಅರಿಶಿನ, ಎಣ್ಣೆ ಇವು ತಿಳಿ ಬಣ್ಣದ ಮೇಲೆ ಎದ್ದು ಕಾಣುತ್ತವೆ. ಕಪ್ಪು ಹಾಕಿದರೆ ಜೋಳದ ಹಿಟ್ಟು ಎದ್ದು ಕಾಣುತ್ತದೆ. ನಡುವಿನ ಬಣ್ಣಗಳು, ಸಣ್ಣ ಅಚ್ಚಿನ ಹೂವು, ಗೆರೆ ಎಲ್ಲವನ್ನೂ ಸಹಿಸುತ್ತವೆ. ಪ್ಯಾಂಟುಗಳನ್ನು ಮಾತ್ರ ಒಂದೇ ಬಣ್ಣದವು ಮಾಡಿಸಿ: ಒಂದು ಕಂದು, ಒಂದು ನೇವಿ ನೀಲಿ, ಒಂದು ಬೂದು. ಆಗ ಯಾವ ಕುರ್ತಾ ಕೈಗೆ ಸಿಕ್ಕರೂ ಜೋಡಿ ಆಗುತ್ತದೆ. ನೋಡಿದವರಿಗೆ "ಸೆಟ್" ಅನ್ನಿಸುತ್ತದೆ.

ಹಂತ 5: ಯಾವ ಆಕಾರ ಹೊಲಿಸಬೇಕು

*ಎ-ಲೈನ್ ಕುರ್ತಾ, ಸಡಿಲ ಪ್ಯಾಂಟು.* ಎ-ಲೈನ್ ಅಂದರೆ ಭುಜದ ಹತ್ತಿರ ಸರಿಯಾಗಿ ಕೂತು, ಕೆಳಗೆ ಹೋದಂತೆ ಅಗಲವಾಗುವುದು. ಹೊಟ್ಟೆಗೆ ಅಂಟುವುದಿಲ್ಲ, ಭುಜದಲ್ಲಿ ಜೋತು ಬೀಳುವುದಿಲ್ಲ. ಅಚ್ಚುಕಟ್ಟಾಗಿ ಕಾಣೋದು ಭುಜದ ಹೊಲಿಗೆಯಿಂದ. ಅದು ಸರಿಯಾಗಿ ಭುಜದ ತುದಿಗೆ ಬಂದರೆ ಉಳಿದದ್ದು ಎಷ್ಟು ಸಡಿಲ ಇದ್ದರೂ ದೊಗಲೆ ಅನ್ನಿಸುವುದಿಲ್ಲ. ಐದು ಸೆಟ್ ಹೊಲಿಸುವವರು ಮೂರಾದರೂ ಇದನ್ನೇ ಹೊಲಿಸಿ.

*ಸುಧಾರಿಸಿದ ನೈಟಿ.* ನೈಟಿ ಬಿಡೋಕೆ ಮನಸ್ಸಿಲ್ಲ ಅನ್ನುವವರು ಬಿಡಬೇಕಿಲ್ಲ. ರೆಡಿಮೇಡ್ ನೈಟಿಯ ತೊಂದರೆ ಅದರ ಕತ್ತು ಮತ್ತು ಭುಜದಲ್ಲಿದೆ. ಎಲ್ಲ ಸೈಜಿಗೂ ಆಗಲಿ ಅಂತ ಅಗಲ ಇಟ್ಟಿರುತ್ತಾರೆ. ನಿಮ್ಮ ಭುಜದ ಅಳತೆಗೆ ಹೊಲಿಸಿ, ಎದೆಗೆ ಎರಡು ಪದರದ ಯೋಕ್ ಕೊಡಿಸಿ. ಯೋಕ್ ಅಂದರೆ ಭುಜದಿಂದ ಎದೆಯವರೆಗಿನ ಬೇರೆ ತುಂಡು. ಪುಟ್ಟ ಕಾಲರ್, ಮುಂದೆ ಗುಂಡಿಪಟ್ಟಿ, ಪಕ್ಕಕ್ಕೆ ಜೇಬು ಇಡಿಸಿ. ಉದ್ದ ಪಾದಕ್ಕಿಂತ ಮೂರು ಇಂಚು ಮೇಲೆ. ಬಾಗಿಲು ತೆಗೆಯೋಕೆ ಟವೆಲ್ ಬೇಕಿಲ್ಲ. ಯೋಕಿಗೆ ಗುಳೇದಗುಡ್ಡದ ಖಣದ ಒಂದು ಪಟ್ಟಿ ಹಚ್ಚಿಸಿದರೆ ಅದೇ ನೈಟಿ ಎಷ್ಟು ಚೆಂದ ಕಾಣುತ್ತದೆ, ಒಮ್ಮೆ ಮಾಡಿ ನೋಡಿ.

*ಹಳೇ ಸೀರೆಯ ಕಫ್ತಾನ್.* ಕಫ್ತಾನ್ ಅಂದರೆ ತೋಳು ಬೇರೆ ಕತ್ತರಿಸದೆ, ಅಗಲವಾಗಿ ಇಳಿಬಿಟ್ಟ ನಿಲುವಂಗಿ. ಆರು ಗಜದ ಸೀರೆಯಲ್ಲಿ ಸುಮಾರು ಐದೂವರೆ ಮೀಟರ್ ಬಟ್ಟೆ ಇರುತ್ತದೆ. ಒಂದು ಕಫ್ತಾನ್ ಮತ್ತು ಒಂದು ಪ್ಯಾಂಟು ಸಲೀಸಾಗಿ ಆಗುತ್ತವೆ. ನೂರು ಸಲ ಒಗೆದ ಸೀರೆ ಇನ್ನು ಕುಗ್ಗುವುದಿಲ್ಲ, ಬಣ್ಣವೂ ಬಿಡುವುದಿಲ್ಲ, ಮೆತ್ತಗಂತೂ ಆಗಿಯೇ ಇರುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದು ಸವೆದ ಜಾಗ ಗುರುತು ಮಾಡಿ. ಆ ಭಾಗ ಕೂರುವ ಕಡೆ ಬರದಂತೆ ಟೇಲರ್‌ಗೆ ಹೇಳಿ. ಕಫ್ತಾನ್ ಮಧ್ಯಾಹ್ನಕ್ಕೆ, ಸಂಜೆಗೆ ಚೆನ್ನ. ಅಗಲ ತೋಳಿರುವುದರಿಂದ ಒಲೆ ಮುಂದೆ ಹಾಕಬೇಡಿ.

*ಸೀರೆ.* ಸೀರೆಯೇ ಹಿತ ಅನ್ನುವ ಅಮ್ಮಂದಿರು ನಮ್ಮಲ್ಲಿ ತುಂಬ ಜನ ಇದ್ದಾರೆ. ಕುಷ್ಟಗಿ ದಾಟಿದರೆ ಇಳಕಲ್. ಹತ್ತಿ ಒಡಲಿನ ಇಳಕಲ್ ಸೀರೆ ಮನೆಗೆ ಬಲು ಚೆಂದ. ಅದರ ಕೆಂಪು ಸೆರಗು ರೇಷ್ಮೆಯದು, ಒಡಲಿನ ನೂಲಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೊದಲ ಕೆಲವು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ. ಸೆರಗಿನ ಬಣ್ಣ ಒಡಲಿಗೆ ಹತ್ತಿದರೆ ಹೋಗುವುದು ಕಷ್ಟ.

*ಹಾಲು ಕುಡಿಸುವ ಅಮ್ಮಂದಿರಿಗೆ.* ಎದೆಯ ಎರಡೂ ಬದಿ ಉದ್ದುದ್ದ ಹೊಲಿಗೆಯಲ್ಲಿ 7–8 ಇಂಚಿನ ಜಿಪ್ ಇಡಿಸಿ, ಅದರ ಮೇಲೆ ಒಂದು ಮಡಿಕೆ ಬರಲಿ. ಆಗ ಜಿಪ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಜಿಪ್ಪಿನ ಮೇಲ್ತುದಿ, ಕೆಳತುದಿ ಎರಡನ್ನೂ ಬಟ್ಟೆಯಿಂದ ಮುಚ್ಚಿಸಬೇಕು. ಇಲ್ಲದಿದ್ದರೆ ಕೂಸಿನ ಕೆನ್ನೆಗೆ ಗೀರುತ್ತದೆ. ಜಿಪ್ ಬೇಡ ಅಂದರೆ ಮುಂದಿನ ಗುಂಡಿಪಟ್ಟಿಯನ್ನು 12 ಇಂಚಿನವರೆಗೆ ಇಳಿಸಿ, ಪ್ರೆಸ್ ಬಟನ್ ಹಾಕಿಸಿ. ಒಂದೇ ಕೈಯಲ್ಲಿ ತೆಗೆಯಬಹುದು. ಆ ತಿಂಗಳುಗಳಲ್ಲಿ ಎದೆಯ ಅಳತೆ ಬೆಳಿಗ್ಗೆಗೂ ಸಂಜೆಗೂ ಬೇರೆ ಇರುತ್ತದೆ, ಎರಡು ಇಂಚು ಹೆಚ್ಚೇ ಸಡಿಲ ಇಡಿಸಿ. ಸಿಸೇರಿಯನ್ ಆದವರು ಪ್ಯಾಂಟಿನ ಸೊಂಟಪಟ್ಟಿ ಹೊಲಿಗೆಯ ಗುರುತಿನ ಮೇಲೆ ಕೂರದಂತೆ, ಹೊಕ್ಕುಳಿಗಿಂತ ಮೇಲೆ ಬರುವಂತೆ ಮಾಡಿಸಿ.

ಹಂತ 6: ಕತ್ತರಿಸೋ ಮೊದಲು ನೆನೆಸಿ

ಹೊಸ ಕಾಟನ್ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುತ್ತದೆ. ಅಂದರೆ 40 ಇಂಚಿನ ಕುರ್ತಾ 38ಕ್ಕೆ ಇಳಿಯಬಹುದು. ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಲೈನಿಂಗ್ ಬಟ್ಟೆಯನ್ನೂ ನೆನೆಸಬೇಕು. ಇಲ್ಲದಿದ್ದರೆ ಮೇಲಿನದು ಒಂದು ಅಳತೆ, ಒಳಗಿನದು ಇನ್ನೊಂದು ಅಳತೆ ಆಗಿ ಎಳೆಯುತ್ತದೆ. ಅವಸರಕ್ಕೆ ಈ ಹಂತ ಬಿಟ್ಟು ನಾನೇ ಒಂದು ಒಳ್ಳೆಯ ರೇಯಾನ್ ಕುರ್ತಾ ಕಳೆದುಕೊಂಡಿದ್ದೇನೆ. ಎರಡನೇ ಒಗೆತಕ್ಕೆ ಅದು ತಂಗಿ ಮಗಳ ಪಾಲಾಯಿತು.

ಹಂತ 7: ಟೇಲರ್ ಹತ್ತಿರ

ಹೆಚ್ಚಿನ ಟೇಲರ್‌ಗಳು ಮನೆಬಟ್ಟೆಯನ್ನೂ ಹೊರಗಿನ ಚೂಡಿದಾರ್ ಅಳತೆಯಲ್ಲೇ ಕತ್ತರಿಸುತ್ತಾರೆ. ನೀವೇ ಬಾಯಿಬಿಟ್ಟು ಹೇಳಬೇಕು: "ಅಕ್ಕ, ಇದು ಮನೇಲಿ ಹಾಕೋದು. ಕೆಲಸ ಮಾಡೋಕೆ ಬೇಕು. ಸಡಿಲ ಇಡ್ರಿ, ಆದ್ರೆ ಭುಜ ಮಾತ್ರ ಸರಿಯಾಗಿ ಕೂಡ್ಲಿ." ಹಾಳೆಯಲ್ಲಿ ಈ ಅಳತೆಗಳನ್ನು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಎದೆ: ಮೈಯಳತೆಗೆ 4–5 ಇಂಚು ಜಾಸ್ತಿ. ನೈಟಿಗೆ 6–8.

ಸೊಂಟದ ಕೆಳಗೆ, ಕೂರುವ ಜಾಗ: 5–6 ಇಂಚು ಜಾಸ್ತಿ. ಅಳತೆಯನ್ನು ಕೂತಾಗ ತೆಗೆಸಿ. ನಿಂತಾಗಿನ ಅಳತೆಗೂ ಅದಕ್ಕೂ ವ್ಯತ್ಯಾಸ ಇರುತ್ತದೆ.

ಕತ್ತು: ಮುಂದೆ ಐದೂವರೆಯಿಂದ ಆರು ಇಂಚು ಆಳ, ಅದಕ್ಕಿಂತ ಬೇಡ. ನಿಂತಾಗ ಚೆನ್ನಾಗಿ ಕಾಣುವ ಏಳು ಇಂಚಿನ ಕತ್ತು ಕಸ ಗುಡಿಸುವಾಗ ಕೈ ಅಡ್ಡ ಇಡುವಂತೆ ಮಾಡುತ್ತದೆ.

ತೋಳು: ಮೊಣಕೈಗೆ ಸ್ವಲ್ಪ ಮೇಲೆ ಅಥವಾ ಸರಿಯಾಗಿ ಮೊಣಕೈಗೆ. ಅದಕ್ಕಿಂತ ಉದ್ದ ಇದ್ದರೆ ಹಿಟ್ಟು, ನೀರು ಎಲ್ಲ ಹತ್ತುತ್ತದೆ. ಸುತ್ತಳತೆ ತೋಳಿಗಿಂತ ಎರಡು ಇಂಚು ಜಾಸ್ತಿ.

ಕಂಕುಳು: ರೊಟ್ಟಿ ಬಡಿಯುವವರಿಗೆ ಇದೇ ಮುಖ್ಯ. ಕೈ ಮುಂದೆ ಚಾಚಿದಾಗ ಬೆನ್ನು ಎಳೆಯಬಾರದು. ತೋಳು ಬಿಗಿ ಅನ್ನಿಸುವವರು ಕಂಕುಳಲ್ಲಿ ಮೂರು ಇಂಚಿನ ಚೌಕ ತುಂಡು ಸೇರಿಸಲು ಹೇಳಿ. ನಮ್ಮ ಹಿರಿಯರ ಅಂಗಿಗಳಲ್ಲಿ ಅದು ಇರುತ್ತಿತ್ತು.

ಪಕ್ಕದ ಸೀಳು: ಸೊಂಟಕ್ಕಿಂತ ಕೆಳಗೆ, ಪ್ಯಾಂಟಿನ ಜೇಬು ಮುಚ್ಚುವಷ್ಟು ಕೆಳಗೆ ಶುರುವಾಗಲಿ. ಸೀಳು ಇಲ್ಲದ ಕುರ್ತಾದಲ್ಲಿ ಚಕ್ಕಂಬಕ್ಕಳ ಹಾಕಿ ಕೂರಲಾಗದು.

ಪ್ಯಾಂಟು: ಕುರ್ಚಿಯ ಮೇಲೆ ಕೂತು, ಸೊಂಟದಿಂದ ಕುರ್ಚಿಯ ಹಲಗೆವರೆಗೆ ಪಕ್ಕದಲ್ಲಿ ಅಳೆಯಿರಿ. ಅದಕ್ಕೆ ಎರಡು ಇಂಚು ಸೇರಿಸಿ. ಕುಕ್ಕರಗಾಲಲ್ಲಿ ಕೂತಾಗ ಹಿಂದೆ ಜಾರುವುದು, ತೊಡೆಸಂದಿಯಲ್ಲಿ ಹರಿಯುವುದು ಎರಡೂ ನಿಲ್ಲುತ್ತವೆ. ಕೆಳಗಿನ ಅಂಚು ಕಾಲಿನ ಗಿಣ್ಣಿಗಿಂತ ಎರಡು ಇಂಚು ಮೇಲೆ ಇರಲಿ, ಅಂಗಳದ ನೀರಿಗೆ ಒದ್ದೆ ಆಗುವುದಿಲ್ಲ. ಇಲಾಸ್ಟಿಕ್ ಒಂದೂಕಾಲು ಇಂಚಿಗಿಂತ ಅಗಲದ್ದು.

ಜೇಬು: ಇದನ್ನು ಬಿಡಲೇಬೇಡಿ. ಪಕ್ಕದ ಹೊಲಿಗೆಯಲ್ಲಿ ಆರೂವರೆ ಇಂಚಿನ ಬಾಯಿ, ಹತ್ತು ಇಂಚು ಆಳ. ಫೋನು, ಬೀಗದ ಕೈ, ಚಿಲ್ಲರೆ ಎಲ್ಲ ಹಿಡಿಯುತ್ತದೆ. ಫೋನನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಅಲ್ಲಿಗೆ ನಿಲ್ಲುತ್ತದೆ. "ಹೆಂಗಸರ ಬಟ್ಟೆಗೆ ಜೇಬು ಯಾಕ್ರಿ" ಅಂದರೆ ಸಮಾಧಾನದಿಂದ ಇನ್ನೊಮ್ಮೆ ಹೇಳಿ. ಬಳ್ಳಾರಿ ಅಂದರೆ ಜೀನ್ಸ್ ಹೊಲಿಯುವ ಊರು. ಗಟ್ಟಿ ಜೇಬು ಹೊಲಿಯೋದು ಇಲ್ಲಿನ ಕೈಗಳಿಗೆ ಚೆನ್ನಾಗಿ ಗೊತ್ತು.

ಒಳಗಡೆ ಎಲ್ಲ ಅಂಚಿಗೂ ಓವರ್‌ಲಾಕ್ ಹಾಕಿಸಿ, ಅಂದರೆ ನೂಲು ಬಿಚ್ಚಿಕೊಳ್ಳದಂತೆ ಸುತ್ತಿ ಹೊಲಿಯೋದು. ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆ ಉಳಿಸಲು ಹೇಳಿ. ಮುಂದೆ ದಪ್ಪಗಾದರೆ ಬಿಚ್ಚಬಹುದು.

ಮೊದಲು *ಒಂದೇ ಒಂದು* ಸೆಟ್ ಹೊಲಿಸಿ. ಐದನ್ನೂ ಒಟ್ಟಿಗೆ ಕೊಟ್ಟು, ಐದರಲ್ಲೂ ಅದೇ ತಪ್ಪು ಬಂದು ಕೂತವರು ಎಷ್ಟು ಜನ!

ಹಂತ 8: ರೊಟ್ಟಿ ಪರೀಕ್ಷೆ

ಟೇಲರ್ ಅಂಗಡಿಯ ಕನ್ನಡಿ ಮುಂದೆ ನೇರ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಮನೆಗೆ ತಂದು, ಒಗೆಯುವ ಮೊದಲು ಇಷ್ಟು ಮಾಡಿ. ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತಂತೆ ನೆಲಕ್ಕೆ ಕೂತು, ರೊಟ್ಟಿ ಬಡಿಯುವ ಹಾಗೆ ಎರಡು ನಿಮಿಷ ಕೈ ಆಡಿಸಿ. ಕಂಕುಳು, ಬೆನ್ನು ಎಳೆಯಬಾರದು. ಕುಕ್ಕರಗಾಲಲ್ಲಿ ಕೂತು ರಂಗೋಲಿ ಎಳೆಯುವಂತೆ ಮುಂದಕ್ಕೆ ಬಗ್ಗಿ. ಕತ್ತು ಜೋಲಬಾರದು, ಹಿಂದೆ ಪ್ಯಾಂಟು ಇಳಿಯಬಾರದು. ಮೇಲಿನ ಶೆಲ್ಫಿನ ಡಬ್ಬಿ ತೆಗೆಯಿರಿ. ಕುರ್ತಾ ಹೊಟ್ಟೆ ಕಾಣುವಷ್ಟು ಏರಬಾರದು. ಕೈ ಊರದೆ ನೆಲದಿಂದ ಏಳಿ. ಅಂಚು ಕಾಲಿಗೆ ಸಿಗಬಾರದು. ಕೊನೆಗೆ ಕಿಟಕಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿ. ಬೆಳಕಿನಲ್ಲಿ ಕಾಲಿನ ಆಕಾರ ಕಾಣುತ್ತಿದ್ದರೆ ಆ ಬಟ್ಟೆಗೆ ಪ್ಯಾಂಟು ಅಥವಾ ಲಂಗ ಬೇಕು.

ತಪ್ಪು ಕಂಡರೆ ಅದೇ ದಿನ ವಾಪಸ್ ಕೊಡಿ. ಒಗೆದ ಮೇಲೆ ಯಾರೂ ಒಪ್ಪುವುದಿಲ್ಲ. ಎಲ್ಲ ಸರಿ ಇದ್ದರೆ ಇದನ್ನೇ ಅಳತೆಗೆ ಕೊಟ್ಟು ಉಳಿದ ನಾಲ್ಕನ್ನು ಹೊಲಿಸಿ.

ಹಂತ 9: ಲಂಗದ ನಾಡಿ (ಲಾಡಿ) ಬಗ್ಗೆ

ಸೀರೆ ಉಡುವ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಲಂಗದ ನಾಡಿಯನ್ನು ದಿನವೂ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದರೆ ಚರ್ಮ ಕಪ್ಪಾಗುತ್ತದೆ, ಒರಟಾಗುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ. ದಶಕಗಟ್ಟಲೆ ಲಂಗದ ನಾಡಿಯನ್ನೋ ಸೀರೆಯನ್ನೋ ಸೊಂಟಕ್ಕೆ ಹೀಗೆ ಬಿಗಿದು ಕಟ್ಟಿದ ಇಬ್ಬರು ಹಿರಿಯ ಹೆಂಗಸರಿಗೆ ಆ ಜಾಗದ ವಾಸಿಯಾಗದ ಹುಣ್ಣು ಚರ್ಮದ ಕ್ಯಾನ್ಸರ್ ಆದದ್ದನ್ನು ಭಾರತದ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ಹಾಗಾಗುವುದು ತೀರ ಅಪರೂಪ, ಹೆದರಬೇಕಿಲ್ಲ. ಆದರೆ ಗುಣವಾಗದ ಗಾಯ ಇದ್ದರೆ ಅರಿಶಿನ ಹಚ್ಚಿ ಸುಮ್ಮನಿರದೆ ವೈದ್ಯರಿಗೆ ತೋರಿಸಿ. ನಾಡಿಯ ಬದಲು ಎರಡು ಇಂಚಿನ ಅಗಲ ಪಟ್ಟಿ, ಪಕ್ಕಕ್ಕೆ ಹುಕ್ಕು ಹಾಕಿಸಿ. ಗಂಟು ಪ್ರತಿದಿನ ಸ್ವಲ್ಪ ಆಚೀಚೆ ಬರಲಿ. ಮನೆಯಲ್ಲಿದ್ದಾಗ ಸಡಿಲ ಬಿಡಿ.

ಬ್ರಾ ವಿಷಯವೂ ಅಷ್ಟೇ. ತಂತಿ ಇಲ್ಲದ, ಅಗಲ ಪಟ್ಟಿಯ ಕಾಟನ್‌ದು ಮನೆಗೆ ಸಾಕು. ಎರಡು ಪದರದ ಯೋಕ್ ಇದ್ದರೆ ಒಳಗೆ ತೆಳುವಾದ ಸ್ಲಿಪ್ ಹಾಕಿಕೊಂಡೂ ನಿಶ್ಚಿಂತೆಯಿಂದ ಇರಬಹುದು.

ಹಂತ 10: ಒಲೆ ಮುಂದೆ

ಪಾಲಿಯೆಸ್ಟರ್, ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಕಾಟನ್ ಕರಗುವುದಿಲ್ಲ, ಆದರೆ ಅದೂ ಬೇಗ ಹತ್ತಿಕೊಳ್ಳುತ್ತದೆ. ಹಾಗಾಗಿ ಕಾಟನ್ ಅಂತ ಮೈಮರೆಯಬೇಡಿ. ಜೋಲುವ ಯಾವುದೂ ಬರ್ನರ್ ಹತ್ತಿರ ಹೋಗಬಾರದು. ವೇಲ್ ತೆಗೆದಿಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಗಲ ತೋಳು ಬೇಡ. ದಪ್ಪ ಕಾಟನ್‌ನ ಏಪ್ರನ್ ಒಂದು ಹೊಲಿಸಿ. ಹಳೇ ಜೀನ್ಸ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಲೈಕ್ರಾ (ಹಿಗ್ಗುವ ನೂಲು) ಬೆರೆತಿರಬಾರದು ಅಷ್ಟೇ. ಯಾರಾದರೂ ಬಂದಾಗ ಏಪ್ರನ್ ಬಿಚ್ಚಿದರೆ ಒಳಗಿನ ಕುರ್ತಾ ಹಿಟ್ಟಿಲ್ಲದೆ ಸ್ವಚ್ಛ ಇರುತ್ತದೆ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ನೆಲಕ್ಕೆ ಬಿದ್ದು ಹೊರಳಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ಹರಿಯುವ ನೀರು ಬಿಡಿ. ಅಂಟಿಕೊಂಡ ಬಟ್ಟೆ ಎಳೆಯಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ, ಆಸ್ಪತ್ರೆಗೆ ಹೋಗಿ.

ಹಂತ 11: ಒಗೆಯೋದು, ಒಣಗಿಸೋದು

ನಮ್ಮ ಬೋರಿನ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಒಂದು ಜಿಡ್ಡು ಆಗುತ್ತದೆ. ಬಟ್ಟೆ ಒರಟಾಗಿ, ಮಂಕಾಗಿ ಹೋಗೋದು ಇದರಿಂದಲೇ. ಬಾರ್ ಸೋಪಿಗಿಂತ ಡಿಟರ್ಜೆಂಟ್ ಪುಡಿ ಅಥವಾ ಲಿಕ್ವಿಡ್ ಇಲ್ಲಿ ಒಳ್ಳೆಯದು. ನದಿಯ ನೀರು ನಲ್ಲಿಗೆ ಬರುವ ದಿನ ಒಳ್ಳೆಯ ಬಟ್ಟೆಗಳನ್ನು ಒಗೆಯಿರಿ. ಬೋರಿನ ನೀರೇ ಗತಿ ಅಂದರೆ ಕೊನೆಯ ಜಾಲಿಸುವ ಬಕೆಟ್ಟಿಗೆ ಒಂದು ಸಣ್ಣ ಲೋಟ ಬಿಳಿ ವಿನೆಗರ್ ಹಾಕಿ. ಬ್ಲೀಚ್ ಜೊತೆ ಮಾತ್ರ ವಿನೆಗರ್ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ.

ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ. ಬಣ್ಣ ಬಿಡುವ ಬಟ್ಟೆಯನ್ನು ಬೇರೆ ಒಗೆಯುವುದೊಂದೇ ದಾರಿ. ನಮ್ಮ ಬಿಸಿಲಿಗೆ ಕಾಟನ್ ಒಂದು ತಾಸಿನಲ್ಲಿ ಒಣಗುತ್ತದೆ. ಒಳಗಡೆ ಹೊರಗೆ ಮಾಡಿ, ನೆರಳಿನಲ್ಲಿ ಹಾಕಿ. ಸಂಜೆವರೆಗೆ ಬಿಸಿಲಿಗೆ ಬಿಟ್ಟರೆ ಒಂದೇ ಬೇಸಿಗೆಗೆ ಬಣ್ಣ ಹೋಗುತ್ತದೆ.

ಇಸ್ತ್ರಿಗೆ ಹೊತ್ತಿಲ್ಲದವರು ಹಿಂಡಿದ ತಕ್ಷಣ ಎರಡು ಸಲ ಜೋರಾಗಿ ಜಾಡಿಸಿ, ಹ್ಯಾಂಗರಿಗೆ ಹಾಕಿ, ಗುಂಡಿಪಟ್ಟಿ ಮತ್ತು ಕಾಲರನ್ನು ಕೈಯಿಂದ ಎಳೆದು ನೇರ ಮಾಡಿ. ಹ್ಯಾಂಗರಿನಲ್ಲಿ ಒಣಗಿದ ಕುರ್ತಾ ಮುಕ್ಕಾಲು ಪಾಲು ಇಸ್ತ್ರಿ ಆದಂತೆಯೇ. ತಿಳಿಯಾದ ಅನ್ನದ ಗಂಜಿ ಹಾಕಿದರೆ ಇನ್ನೂ ಅಚ್ಚುಕಟ್ಟು. ಆದರೆ ಏಪ್ರಿಲ್, ಮೇನಲ್ಲಿ ಗಂಜಿ ಬೇಡ. ನೂಲಿನ ಸಂದು ಮುಚ್ಚಿ ಗಾಳಿ ಆಡುವುದಿಲ್ಲ.

ಯಾವಾಗ ಶುರು ಮಾಡಬೇಕು

ದಸರಾ, ದೀಪಾವಳಿ, ಯುಗಾದಿ ಮುಂಚೆ ಮತ್ತು ಮದುವೆ ತಿಂಗಳುಗಳಲ್ಲಿ ಟೇಲರ್ ಹತ್ತಿರ ಮನೆಬಟ್ಟೆ ಒಯ್ದರೆ ಅದು ಮೂಲೆ ಸೇರುತ್ತದೆ. ಸಂಕ್ರಾಂತಿ ಮುಗಿದ ಮೇಲೆ ಸ್ವಲ್ಪ ಬಿಡುವಿರುತ್ತದೆ. ಆಗ ಬಟ್ಟೆ ತಂದು, ನೆನೆಸಿ, ಮೊದಲ ಸೆಟ್ ಕೊಟ್ಟುಬಿಡಿ. ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುವ ಹೊತ್ತಿಗೆ ರೊಟ್ಟಿ ಪರೀಕ್ಷೆ ಮುಗಿದಿರಲಿ. ಉಳಿದ ನಾಲ್ಕು ಸೆಟ್ ಯುಗಾದಿಯ ಗದ್ದಲಕ್ಕೆ ಮುಂಚೆ ಬೀರುವಿನಲ್ಲಿ ಇರುತ್ತವೆ.